ಮೈಮೇಲೆ ಏರಿಬರುವ ನಾಯಿಯನ್ನು ಸಂಭಾಳಿಸುವುದು, ಪಳಗಿಸುವುದು: ನಮ್ಮ ಕಲಬುರಗಿ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ನಾಯಿ ಇರುವ ಮನೆಗೆ ಹೋದರೆ ಗೇಟಿನ ಹೊರಗೆ ನಿಂತು ಕೂಗುವ ಮೊದಲ ಮಾತು ಒಂದೇ. "ನಾಯಿ ಕಟ್ಟೀರೇನ್ರೀ?" ಒಳಗಿಂದ "ಹೂಂ, ಕಟ್ಟೀವಿ, ಬರ್ರಿ" ಅಂದ ಮೇಲೆ ಚಿಲಕ ತೆಗೆಯುತ್ತೇವೆ. ನಮ್ಮ ಮನೆಯಲ್ಲೂ ಹೀಗೇ ಇತ್ತು. ನಮ್ಮ ಮೋತಿಯನ್ನು ಆಳಂದ ಕಡೆಯ ಒಂದು ಕುರಿದೊಡ್ಡಿಯಿಂದ ತಂದಿದ್ದೆವು. ಆಗ ಅವನಿಗೆ ಒಂದು ತಿಂಗಳೂ ತುಂಬಿರಲಿಲ್ಲ. ಎರಡು ವರ್ಷದವನಾದಾಗ ಬಂದವರ ಮೇಲೆಲ್ಲ ಏರಿಹೋಗಲು ಶುರು ಮಾಡಿದ. ಕಟ್ಟಿದೆವು. ಕಟ್ಟಿದಷ್ಟೂ ಸಿಟ್ಟು ಜಾಸ್ತಿಯಾಯಿತು. ಮೂರನೇ ವರ್ಷ ಸರಪಳಿಯ ಕೊಂಡಿ ಕಿತ್ತುಕೊಂಡು, ಸಿಲಿಂಡರ್ ತಂದ ಹುಡುಗನ ತೊಡೆಗೆ ಬಾಯಿ ಹಾಕಿದ. ಎರಡು ಹಲ್ಲಿನ ಗಾಯ. ಆ ಹುಡುಗನ ಮುಖ ನನಗೆ ಇನ್ನೂ ಮರೆತಿಲ್ಲ.

ಅಲ್ಲಿಂದ ಮೂರು ವರ್ಷ ನಾನು ಕಲಿತದ್ದು, ಮಾಡಿದ್ದು, ತಪ್ಪಿ ಮತ್ತೆ ಮಾಡಿದ್ದು ಇಲ್ಲಿದೆ. ನಿಮ್ಮ ನಾಯಿ ಈಗ ಬರೀ ಗುರುಗುಟ್ಟುತ್ತಿದ್ದರೆ ನೀವು ನನಗಿಂತ ಬೇಗ ಎಚ್ಚೆತ್ತಿದ್ದೀರಿ.

ಇವತ್ತೇ ಮಾಡಬೇಕಾದ್ದು: ಕಚ್ಚುವ ಅವಕಾಶವನ್ನೇ ತೆಗೆಯಿರಿ

ತರಬೇತಿಗೆ ತಿಂಗಳುಗಳು ಬೇಕು. ಆದರೆ ಹಾಲಿನವರು ನಾಳೆ ಬೆಳಿಗ್ಗೆಯೇ ಬರುತ್ತಾರೆ. ಹಾಗಾಗಿ ಮೊದಲು ವ್ಯವಸ್ಥೆ, ಆಮೇಲೆ ಪಾಠ.

ನಾಯಿ ಮತ್ತು ಹೊರಗಿನವರ ನಡುವೆ ಯಾವಾಗಲೂ ಎರಡು ಅಡ್ಡಗಟ್ಟೆ ಇರಲಿ. ಒಂದು ಗೇಟು, ಒಂದು ಬಾಗಿಲು. ಅಥವಾ ಅಂಗಳದೊಳಗೆ ಇನ್ನೊಂದು ಸಣ್ಣ ಗೇಟು. ಒಂದು ತಪ್ಪಿದರೂ ಇನ್ನೊಂದು ಉಳಿಯುತ್ತದೆ. ನಮ್ಮ ಕಡೆ ಒಂದು ಅನುಕೂಲ ಇದೆ. ಶಹಾಬಾದಿ ಫರಸಿ, ಅಂದರೆ ಕಲ್ಲಿನ ಚಪ್ಪಡಿ, ಸುಲಭವಾಗಿ ಸಿಗುತ್ತದೆ. ಹೊಲಕ್ಕೆ ಬೇಲಿ ಹಾಕುವಂತೆ ಎತ್ತರದ ಫರಸಿಗಳನ್ನು ನೆಟ್ಟು ಹಿತ್ತಲಲ್ಲಿ ಒಂದು ಪಾಲು ಮಾಡಿದೆವು. ಅದಕ್ಕೆ ಕಬ್ಬಿಣದ ಬಾಗಿಲು, ಮೇಲೆ ನೆರಳು. ಮೋತಿಗೆ ಹೊರಗಿನ ರಸ್ತೆ ಕಾಣುವುದಿಲ್ಲ. ಇದು ಬಹಳ ಮುಖ್ಯ. ರಸ್ತೆ ಕಾಣುವ ನಾಯಿ ದಿನಕ್ಕೆ ನೂರು ಸಲ ಬೊಗಳುತ್ತದೆ. ಪ್ರತಿ ಸಲ ಹಾದು ಹೋಗುವವರು ಹಾದು ಹೋಗುತ್ತಾರೆ. "ನಾನು ಬೊಗಳಿದೆ, ಅವರು ಓಡಿದರು" ಅಂತ ನಾಯಿ ದಿನಕ್ಕೆ ನೂರು ಸಲ ಗೆದ್ದುಕೊಳ್ಳುತ್ತದೆ. ಗೆದ್ದ ಆಟವನ್ನು ಯಾರು ಬಿಡುತ್ತಾರೆ?

ಸರಪಳಿಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ದಿನವಿಡೀ ಗೇಟಿನ ಪಕ್ಕ ಕಟ್ಟಿಹಾಕುವುದು ಸಿಟ್ಟಿನ ನಾಯಿಯನ್ನು ತಯಾರು ಮಾಡುವ ದಾರಿ. ಹೆದರಿದ ನಾಯಿಗೆ ಎರಡು ದಾರಿ ಇರುತ್ತವೆ: ಓಡುವುದು, ಇಲ್ಲವೇ ಎದುರಿಸುವುದು. ಕಟ್ಟಿದರೆ ಓಡುವ ದಾರಿ ಮುಚ್ಚಿತು. ಉಳಿದದ್ದು ಒಂದೇ. ಕಟ್ಟಲೇಬೇಕಾದರೆ ಹತ್ತು ಹದಿನೈದು ನಿಮಿಷ, ನೆರಳಲ್ಲಿ, ನೀವು ಹತ್ತಿರ ಇರುವಾಗ ಮಾತ್ರ.

ಮನೆಯ ಮಕ್ಕಳಿಗೆ ಒಂದೇ ನಿಯಮ: ದೊಡ್ಡವರು ಪಕ್ಕದಲ್ಲಿ ಇಲ್ಲದೆ ನಾಯಿಯ ಹತ್ತಿರ ಹೋಗಬಾರದು. ದೊಡ್ಡವರು ಅಂದರೆ ಮೊಬೈಲ್ ನೋಡುತ್ತಾ ಕೂತವರಲ್ಲ, ನಾಯಿಯನ್ನು ನೋಡುತ್ತಾ ಕೂತವರು.

ಆಮೇಲೆ ಪಶುವೈದ್ಯರ ಹತ್ತಿರ

ನಾಲ್ಕು ವರ್ಷ ಸಾಧುವಾಗಿದ್ದ ನಾಯಿ ಈಗ ಮುಟ್ಟಿದರೆ ಗುರ್ ಅನ್ನುತ್ತಿದ್ದರೆ, ಅದು ಸ್ವಭಾವ ಅಲ್ಲ, ನೋವು ಇರಬಹುದು. ಕಿವಿಯ ಸೋಂಕು, ಹಲ್ಲು ನೋವು, ಸೊಂಟ ಮತ್ತು ಕೀಲು ನೋವು, ಉಣ್ಣೆ ಕಚ್ಚಿ ಬರುವ ಜ್ವರ, ಥೈರಾಯ್ಡ್, ಕಣ್ಣು ಮಂದವಾಗುವುದು, ಇವೆಲ್ಲ ನಾಯಿಯನ್ನು ಸಿಡುಕು ಮಾಡುತ್ತವೆ. ಮೋತಿಯ ಎಡ ಕಿವಿಯಲ್ಲಿ ಹಳೆಯ ಸೋಂಕಿತ್ತು. ತಲೆ ಸವರಲು ಹೋದಾಗಲೆಲ್ಲ ಅವನು ಗುರುಗುಟ್ಟುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಅದಕ್ಕಾಗಿ ನಾವು ಅವನನ್ನು ಎಷ್ಟು ಸಲ ಗದರಿದ್ದೆವೋ!

ಊರಲ್ಲಿರುವ ಪಶು ಆಸ್ಪತ್ರೆಯಿಂದ ಶುರು ಮಾಡಿ. ಹೆಚ್ಚಿನ ಪರೀಕ್ಷೆ ಬೇಕಾದರೆ ನಮಗೆ ಬೀದರ್ ಹತ್ತಿರ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಅಲ್ಲಿನ ನಂದಿನಗರದಲ್ಲೇ ಇದೆ, ಪಶುವೈದ್ಯ ಕಾಲೇಜೂ ಇದೆ. ಹೋಗುವ ಮೊದಲು ಫೋನ್ ಮಾಡಿ "ನಾಯಿ ಕಚ್ಚುತ್ತದೆ" ಅಂತ ಮುಚ್ಚಿಡದೆ ಹೇಳಿ. ಜನ ಕಮ್ಮಿ ಇರುವ ಸಮಯ ಕೇಳಿ.

ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಸಿಟ್ಟು ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ಗಂಡು ನಾಯಿ ಅಲೆಯುವುದು, ಬೇರೆ ಗಂಡುಗಳ ಜೊತೆ ಕಾದಾಡುವುದು ಕಮ್ಮಿಯಾಗಬಹುದು. ಹೆದರಿಕೆಯಿಂದ ಹುಟ್ಟಿದ ಸಿಟ್ಟು ಅದರಿಂದ ಹೋಗುವುದಿಲ್ಲ. ಕೆಲವು ನಾಯಿಗಳಿಗೆ ಆತಂಕ ತಗ್ಗಿಸುವ ಮಾತ್ರೆ ಬೇಕಾಗುತ್ತದೆ. ಫ್ಲೂಆಕ್ಸೆಟಿನ್ ಅಂಥದ್ದೊಂದು. ಅದರ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು. ಮನುಷ್ಯರ ಮೆಡಿಕಲ್ ಅಂಗಡಿಯಿಂದ ನೀವೇ ತಂದು ಹಾಕಬೇಡಿ, ಅಳತೆ ವೈದ್ಯರೇ ಹೇಳಬೇಕು.

ಒಂದು ಎಚ್ಚರಿಕೆ. ನಾಯಿಯ ಸ್ವಭಾವ ಒಂದೆರಡು ದಿನದಲ್ಲೇ ಬದಲಾಗಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ದನಿ ಬದಲಾಗಿದ್ದರೆ, ನುಂಗಲು ಆಗದಿದ್ದರೆ, ತೂರಾಡುತ್ತಿದ್ದರೆ ತರಬೇತಿಯ ಮಾತೇ ಇಲ್ಲ. ಅದು ರೇಬೀಸ್ ಇರಬಹುದು. ಮುಟ್ಟದೆ ಬಾಗಿಲು ಹಾಕಿ, ಪಶುವೈದ್ಯರನ್ನು ಕರೆಯಿರಿ.

ನಾಯಿಯ ಮಾತು ಓದಲು ಕಲಿಯಿರಿ

"ಬೊಗಳೋ ನಾಯಿ ಕಚ್ಚೋದಿಲ್ಲ" ಅನ್ನುವ ಗಾದೆಯನ್ನು ನಂಬಿ ಕೈ ಚಾಚಬೇಡಿ. ಬೊಗಳುವ ನಾಯಿಯೂ ಕಚ್ಚುತ್ತದೆ. "ಬಾಲ ಆಡಿಸಿದರೆ ಪ್ರೀತಿ" ಅನ್ನುವುದೂ ಪೂರ್ತಿ ನಿಜವಲ್ಲ. ಮೈಯೆಲ್ಲ ಸಡಿಲ ಬಿಟ್ಟು ಸೊಂಟದವರೆಗೂ ಬಳುಕುತ್ತಾ ಆಡಿಸುವ ಬಾಲ ಬೇರೆ. ಬಾಲ ಎತ್ತರಕ್ಕೆ ನೆಟ್ಟಗೆ ನಿಂತು, ತುದಿ ಮಾತ್ರ ಬಿಗಿಯಾಗಿ ಅಲುಗುವುದು ಬೇರೆ. ಎರಡನೆಯದು ಕಂಡರೆ ಹಿಂದೆ ಸರಿಯಿರಿ.

ನಾಯಿ ಒಮ್ಮೆಲೇ ಕಚ್ಚುವುದು ತೀರಾ ಅಪರೂಪ. ಅದಕ್ಕೆ ಮೆಟ್ಟಿಲುಗಳಿವೆ. ಮೊದಲು ನಿದ್ದೆ ಇಲ್ಲದೆಯೂ ಆಕಳಿಸುತ್ತದೆ, ಎದುರಿಗೆ ತಿನ್ನಲು ಏನೂ ಇಲ್ಲದಿದ್ದರೂ ಮೂಗು ನೆಕ್ಕುತ್ತದೆ. ಆಮೇಲೆ ಮುಖ ತಿರುಗಿಸುತ್ತದೆ. ಮೈ ತಿರುಗಿಸುತ್ತದೆ. ಎದ್ದು ದೂರ ಹೋಗುತ್ತದೆ. ಹೋಗಲು ಬಿಡದಿದ್ದರೆ ಕಿವಿ ಹಿಂದಕ್ಕೆ ಒತ್ತಿ, ಬಾಲ ಮಡಚಿ ಕುಗ್ಗುತ್ತದೆ. ಅಲ್ಲಿಗೂ ನಾವು ಬಿಡದಿದ್ದರೆ ಮೈ ಮರದಂತೆ ಬಿಗಿಯುತ್ತದೆ, ಕಣ್ಣಿನ ಬಿಳಿ ಅಂಚು ಕಾಣುತ್ತದೆ, ದಿಟ್ಟಿಸುತ್ತದೆ. ಆಮೇಲೆ ಗುರುಗುಟ್ಟುವುದು. ಆಮೇಲೆ ಗಾಳಿಯಲ್ಲಿ ಬಾಯಿ ಹಾಕುವುದು. ಕಚ್ಚುವುದು ಕೊನೆಯ ಮೆಟ್ಟಿಲು. ಮೊದಲ ಐದಾರು ಮೆಟ್ಟಿಲು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಮನೆಯ ಮಗು ಮೋತಿಯ ಕುತ್ತಿಗೆ ತಬ್ಬಿಕೊಂಡು ತೆಗೆಸಿಕೊಂಡ ಹಳೆಯ ಫೋಟೋ ನಮ್ಮಲ್ಲಿದೆ. ಎಲ್ಲರೂ ಮುದ್ದಾಗಿದೆ ಅಂದಿದ್ದರು. ಈಗ ನೋಡಿದರೆ ನನ್ನ ಎದೆ ಝಲ್ ಅನ್ನುತ್ತದೆ. ಅವನು ಮುಖ ತಿರುಗಿಸಿದ್ದಾನೆ, ನಾಲಿಗೆ ಮೂಗಿನ ಮೇಲಿದೆ, ಕಣ್ಣಿನ ಬಿಳಿ ಕಾಣುತ್ತಿದೆ.

ಗುರುಗುಟ್ಟಿದ್ದಕ್ಕೆ ಯಾವತ್ತೂ ಹೊಡೆಯಬೇಡಿ. ನನಗೆ ಒಂದೇ ಸಾಲು ಬರೆಯಲು ಬಿಟ್ಟಿದ್ದರೆ ಇದನ್ನೇ ಬರೆಯುತ್ತಿದ್ದೆ. ಗುರುಗುಟ್ಟುವುದು ನಾಯಿ ಕೊಡುವ ನೋಟಿಸು. ಹೊಡೆದರೆ ಅದು ಗುರುಗುಟ್ಟುವುದನ್ನು ಬಿಡುತ್ತದೆ, ಹೆದರುವುದನ್ನು ಬಿಡುವುದಿಲ್ಲ. ಮುಂದಿನ ಸಲ ನೋಟಿಸು ಕೊಡದೆ ನೇರವಾಗಿ ಕಚ್ಚುತ್ತದೆ. ಗುರ್ ಅಂದಾಗ ಮಾಡಬೇಕಾದ್ದು ಇಷ್ಟೇ: ಮಾಡುತ್ತಿದ್ದದ್ದನ್ನು ನಿಲ್ಲಿಸಿ, ಓರೆಯಾಗಿ ನಿಧಾನಕ್ಕೆ ದೂರ ಸರಿಯಿರಿ, ಯಾಕೆ ಹಾಗೆ ಮಾಡಿತು ಅಂತ ಬರೆದಿಡಿ.

"ನಾಯಿಗೆ ನೀನೇ ಯಜಮಾನ ಅಂತ ತೋರಿಸಬೇಕು, ಕೆಡವಿ ಒತ್ತಿ ಹಿಡಿ" ಅಂತ ನನಗೂ ಹೇಳಿದ್ದರು. ಆ ವಿಚಾರಕ್ಕೆ ಬುಡ ಇಲ್ಲ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಬೋನಿನಲ್ಲಿಟ್ಟ ತೋಳಗಳನ್ನು ನೋಡಿ ಬರೆದದ್ದರಿಂದ ಅದು ಬೆಳೆಯಿತು. ಅದನ್ನು ಜನಪ್ರಿಯ ಮಾಡಿದವರಲ್ಲಿ ತೋಳಗಳ ಸಂಶೋಧಕ ಡೇವಿಡ್ ಮೆಕ್ ಕೂಡ ಒಬ್ಬರು. ಅವರೇ 1999ರಲ್ಲಿ, ಕಾಡಿನ ತೋಳಗಳ ಗುಂಪು ಅಂದರೆ ತಂದೆ ತಾಯಿ ಮರಿಗಳ ಕುಟುಂಬ, ಅಲ್ಲಿ ಯಜಮಾನಿಕೆಗೆ ಹೊಡೆದಾಟ ನಡೆಯುವುದಿಲ್ಲ ಅಂತ ತಿದ್ದಿ ಬರೆದರು. ಹೆದರಿದ ನಾಯಿಯನ್ನು ಕೆಡವಿ ಹಿಡಿದರೆ ಅದರ ಹಲ್ಲಿಗೆ ಹತ್ತಿರ ಇರುವುದು ನಿಮ್ಮ ಮುಖ. ಶಾಕ್ ಕೊಡುವ ಪಟ್ಟಿ, ಮುಳ್ಳಿನ ಪಟ್ಟಿಯೂ ಅದೇ ಸಾಲಿಗೆ ಸೇರಿದ್ದು. ಬೇಡ.

ಎರಡು ವಾರ ಡೈರಿ

ಸುಮ್ನೆ "ನಾಯಿ ಸಿಟ್ಟಿನದು" ಅಂದರೆ ಏನೂ ಗೊತ್ತಾಗುವುದಿಲ್ಲ. ಯಾರ ಮೇಲೆ, ಎಲ್ಲಿ, ಎಷ್ಟು ದೂರದಲ್ಲಿ, ಎಷ್ಟು ಹೊತ್ತಿಗೆ, ಅದಕ್ಕೂ ಮುಂಚೆ ಏನಾಗಿತ್ತು, ಇಷ್ಟನ್ನು ಪ್ರತಿ ಸಲ ಬರೆಯಿರಿ. ನನ್ನ ಡೈರಿಯಲ್ಲಿ ಕಂಡದ್ದು: ಮೋತಿಗೆ ಎಲ್ಲರ ಮೇಲೂ ಸಿಟ್ಟಿರಲಿಲ್ಲ. ತಲೆ ಮೇಲೆ, ಹೆಗಲ ಮೇಲೆ ಏನಾದರೂ ಹೊತ್ತು ಬರುವ ಗಂಡಸರ ಮೇಲೆ ಮಾತ್ರ. ಹೆಂಗಸರು, ಸೈಕಲ್, ದನ ಏನೂ ತೊಂದರೆ ಇಲ್ಲ. ಕೆಲಸ ಅರ್ಧ ಹಗುರಾಯಿತು.

ಇನ್ನೊಂದೂ ಕಂಡಿತು. ಕೆಟ್ಟ ದಿನಗಳೆಲ್ಲ ಒಂದರ ಮೇಲೊಂದು ಪೇರಿಸಿದ ದಿನಗಳು. ಮಧ್ಯಾಹ್ನ ಕರೆಂಟ್ ಹೋಗಿ ಸೆಕೆ, ನೀರಿನ ಟ್ಯಾಂಕರ್ ಸದ್ದು, ಸಂಜೆ ಪಕ್ಕದ ಮನೆಯ ಪಟಾಕಿ. ರಾತ್ರಿ ನೆಂಟರು ಬಂದಾಗ ಹಾರಿದ. ನೆಂಟರು ಕೊನೆಯ ಹೊರೆ ಅಷ್ಟೇ. ಅಂಥ ದಿನದ ಮರುದಿನ, ಅದರ ಮರುದಿನವೂ ತರಬೇತಿ ಬಿಡಿ, ಮಲಗಲು ಬಿಡಿ.

ಕಚ್ಚಿದ್ದರೆ ಅದರ ಆಳವನ್ನೂ ಬರೆಯಿರಿ. ಇಯಾನ್ ಡನ್‌ಬಾರ್ ಅನ್ನುವ ಪಶುವೈದ್ಯರು ಕಚ್ಚುವುದನ್ನು ಆರು ಹಂತ ಮಾಡಿದ್ದಾರೆ. ಹಲ್ಲು ತಾಕದೆ ಬಾಯಿ ಹಾಕಿದ್ದು ಒಂದು, ತಾಕಿದರೂ ಚರ್ಮ ತೂತಾಗದ್ದು ಎರಡು, ಒಂದೇ ಸಲ ಕಚ್ಚಿ ಒಂದರಿಂದ ನಾಲ್ಕು ಆಳವಲ್ಲದ ತೂತು ಮೂರು. ನಾಲ್ಕರಿಂದ ಮೇಲೆ ಆಳದ ಗಾಯ. ಮೋತಿಯದು ಮೂರು. ನಿಮ್ಮದು ನಾಲ್ಕಕ್ಕೆ ಹೋಗಿದ್ದರೆ ಈ ಲೇಖನ ಓದಿಕೊಂಡು ಒಬ್ಬರೇ ತರಬೇತಿ ಮಾಡಬೇಡಿ. ಅನುಭವಿ ಪಶುವೈದ್ಯರು, ಹೊಡೆಯದೆ ಕಲಿಸುವ ತರಬೇತುದಾರರು ಜೊತೆಗಿರಲೇಬೇಕು.

ಕುಕ್ಕೆ ಹಾಕುವುದು

ಎಡೆ ಹೊಡೆಯುವಾಗ ಎತ್ತು ಬೆಳೆಗೆ ಬಾಯಿ ಹಾಕದಿರಲಿ ಅಂತ ಕುಕ್ಕೆ ಕಟ್ಟುತ್ತೇವಲ್ಲ, ಮಜಲ್ ಅಂದರೆ ಅದೇ. ಅದು ಶಿಕ್ಷೆ ಅಲ್ಲ. ಆದರೆ ಯಾವ ಕುಕ್ಕೆ ಅನ್ನುವುದು ನಮ್ಮ ಊರಲ್ಲಿ ಪ್ರಾಣದ ಪ್ರಶ್ನೆ. ನಾಯಿ ತಂಪಾಗುವುದೇ ಬಾಯಿ ತೆರೆದು ತೇಕುವುದರಿಂದ. ಬಾಯಿ ಬಿಗಿಯಾಗಿ ಮುಚ್ಚುವ ಬಟ್ಟೆಯ ಮಜಲ್ ಹಾಕಿ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದರೆ ನಾಯಿ ಸಾಯಬಹುದು. ಬುಟ್ಟಿಯ ಹಾಗಿರುವ ಜಾಲರಿ ಮಜಲ್ ತನ್ನಿ. ಒಳಗೆ ಬಾಯಿ ಪೂರ್ತಿ ತೆರೆದು ತೇಕಲು, ನೀರು ಕುಡಿಯಲು, ತುಣುಕು ತಿನ್ನಲು ಆಗಬೇಕು.

ಮೊದಲ ದಿನವೇ ಕಟ್ಟಬೇಡಿ. ಬುಟ್ಟಿಯೊಳಗೆ ಕೋಳಿ ತುಣುಕು ಇಟ್ಟು ಹಿಡಿಯಿರಿ, ತಾನಾಗಿಯೇ ಮೂತಿ ಹಾಕಲಿ, ತಿಂದು ತೆಗೆಯಲಿ. ಮೂರು ನಾಲ್ಕು ದಿನ ಇಷ್ಟೇ. ಆಮೇಲೆ ಮೂತಿ ಒಳಗಿರುವಾಗ ಒಂದು ಎಣಿಸುವಷ್ಟು, ಐದು ಎಣಿಸುವಷ್ಟು, ಇಪ್ಪತ್ತು ಎಣಿಸುವಷ್ಟು. ಆಮೇಲೆ ಪಟ್ಟಿ ಮುಟ್ಟಿಸುವುದು, ಕೊನೆಗೆ ಕಟ್ಟುವುದು. ಮೋತಿಗೆ ಮೂರು ವಾರ ಹಿಡಿಯಿತು. ಈಗ ಕುಕ್ಕೆ ಕೈಗೆತ್ತಿಕೊಂಡರೆ ಸಾಕು, ಓಡಿಬರುತ್ತಾನೆ.

ಕೂಲಿ ಚೆನ್ನಾಗಿರಬೇಕು

ದಿನವೂ ಹಾಕುವ ಜೋಳದ ರೊಟ್ಟಿ ತುಣುಕಿಗೆ ನಾಯಿ ತನ್ನ ಹೆದರಿಕೆ ಬಿಡುವುದಿಲ್ಲ. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಈಲಿ, ಮೊಟ್ಟೆ ಇರಲಿ. ಮಾಂಸ ತಿನ್ನದ ಮನೆಯಾದರೆ ಪನೀರ್. ಕಡಲೆಕಾಳಿನಷ್ಟು ಸಣ್ಣ ತುಣುಕು ಸಾಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟ್ ಬೇಡವೇ ಬೇಡ, ಅವು ನಾಯಿಗೆ ವಿಷ. ಈ ವಿಶೇಷ ತಿನಿಸು ತರಬೇತಿಯಲ್ಲಿ ಮಾತ್ರ ಸಿಗಲಿ.

ಮುಖ್ಯ ಪಾಠ: ದೂರದಿಂದ ಹತ್ತಿರಕ್ಕೆ

ಇಡೀ ತರಬೇತಿಯ ಜೀವ ಇರುವುದು ದೂರದಲ್ಲಿ. ಯಾವ ದೂರದಲ್ಲಿ ನಾಯಿ ಆ ವ್ಯಕ್ತಿಯನ್ನು ನೋಡುತ್ತದೆ, ಆದರೂ ಕೊಟ್ಟದ್ದನ್ನು ತಿನ್ನುತ್ತದೆ, ಅದೇ ನಿಮ್ಮ ಶುರುವಿನ ಗೆರೆ. ಬೊಗಳಿದರೆ, ತಿನ್ನದಿದ್ದರೆ, ಕೈಯಿಂದ ಕಿತ್ತುಕೊಂಡು ತಿಂದರೆ ನೀವು ಜಾಸ್ತಿ ಹತ್ತಿರ ಇದ್ದೀರಿ. ಮೋತಿಯ ಗೆರೆ 60 ಅಡಿ. ನಮ್ಮ ಓಣಿಯಲ್ಲಿ ಅಷ್ಟು ದೂರ ಎಲ್ಲಿ ಸಿಗಬೇಕು? ಹಾಗಾಗಿ ತೊಗರಿ ಕೊಯ್ದು ರಾಶಿ ಮುಗಿದ ಮೇಲೆ ರಿಂಗ್ ರೋಡ್ ಆಚೆಯ ಪರಿಚಯದವರ ಹೊಲಕ್ಕೆ ಹೋಗುತ್ತಿದ್ದೆವು. ಬಯಲು ನೆಲ, ದೂರದಿಂದಲೇ ಮನುಷ್ಯ ಕಾಣುತ್ತಾನೆ, ಮೂಲೆಯಿಂದ ಯಾರೂ ಒಮ್ಮೆಲೇ ಬರುವುದಿಲ್ಲ.

ಹೀಗೆ ಮಾಡಿ. ನಾಯಿಗೆ ಹಾರ್ನೆಸ್ (ಎದೆಗೆ ಸುತ್ತಿ ಹಾಕುವ ಪಟ್ಟಿ), ಗಟ್ಟಿ ಹಗ್ಗ, ಕುಕ್ಕೆ. ಹಗ್ಗ ಸಡಿಲವಾಗಿರಲಿ, ಬಿಗಿ ಹಿಡಿದರೆ ನಿಮ್ಮ ಹೆದರಿಕೆ ಹಗ್ಗದಲ್ಲೇ ನಾಯಿಗೆ ತಲುಪುತ್ತದೆ. ಒಬ್ಬ ಗೆಳೆಯ ಗೆರೆಯ ಆಚೆ ಹೆಗಲ ಮೇಲೆ ಚೀಲ ಇಟ್ಟುಕೊಂಡು ಮರೆಯಿಂದ ಹೊರಗೆ ಬರಲಿ. ನಾಯಿ ಅವನನ್ನು ನೋಡಿತು. ನೋಡಿದ ತಕ್ಷಣ ಕೋಳಿ ತುಣುಕು, ಒಂದರ ಹಿಂದೊಂದು. ಹತ್ತು ಎಣಿಸುವಷ್ಟರಲ್ಲಿ ಗೆಳೆಯ ಮರೆಯಾಗಲಿ. ಕೋಳಿ ನಿಂತಿತು. ಮತ್ತೆ ಬಂದ, ಮತ್ತೆ ಕೋಳಿ. ಈ ಕ್ರಮ ತಪ್ಪಬಾರದು: ಮೊದಲು ಮನುಷ್ಯ, ಆಮೇಲೆ ತಿನಿಸು. ಮೊದಲೇ ತಿನಿಸು ತೋರಿಸಿದರೆ, ಕೋಳಿ ಬಂತು ಅಂದರೆ ಯಾರೋ ಬರುತ್ತಾರೆ ಅಂತ ನಾಯಿ ಕೋಳಿಗೂ ಹೆದರುತ್ತದೆ. ನಾನು ಮೊದಲ ವಾರ ಈ ತಪ್ಪೇ ಮಾಡಿದೆ.

ಒಂದು ಸಲಕ್ಕೆ ಐದು ನಿಮಿಷ, ಎಂಟು ಹತ್ತು ಸುತ್ತು. ಇನ್ನೂ ಚೆನ್ನಾಗಿ ಮಾಡುತ್ತಿರುವಾಗಲೇ ನಿಲ್ಲಿಸಿ. ಕೆಲವು ದಿನದಲ್ಲಿ ಒಂದು ಬದಲಾವಣೆ ಕಾಣುತ್ತದೆ. ನಾಯಿ ಗೆಳೆಯನನ್ನು ನೋಡಿ, ಥಟ್ಟನೆ ನಿಮ್ಮ ಮುಖ ನೋಡುತ್ತದೆ, "ಎಲ್ಲಿ ನನ್ನ ಕೋಳಿ?" ಅನ್ನುವಂತೆ. ಆ ದಿನ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಮೂರು ದಿನ ಸತತವಾಗಿ ಹಾಗೆ ಮಾಡಿದರೆ ಐದು ಅಡಿ ಹತ್ತಿರ. ಐದೇ ಅಡಿ. ನಡುವೆ ಒಂದು ಸಲ ಬೊಗಳಿ ಹಾರಿದರೆ ಗದರಬೇಡಿ. ಅಲ್ಲಿಂದ ಹೊರಟುಬಿಡಿ, ಮುಂದಿನ ಪಾಠವನ್ನು ಹತ್ತು ಅಡಿ ಹಿಂದಿನಿಂದ ಶುರು ಮಾಡಿ. 60 ಅಡಿಯಿಂದ 15 ಅಡಿಗೆ ಬರಲು ನಮಗೆ ಏಳು ತಿಂಗಳು ಬೇಕಾಯಿತು.

ಮನೆಯೊಳಗೆ: ಕೌದಿ

ಗೇಟಿನ ಬೆಲ್ ಆದಾಗ ಬಾಗಿಲಿಗೆ ಓಡುವ ಬದಲು ಏನು ಮಾಡಬೇಕು ಅಂತ ನಾಯಿಗೆ ಹೇಳಿಕೊಡಬೇಕು. "ಬೇಡ" ಅಂದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ನಾವು ಹಳೆಯ ಕೌದಿ ಹಿಂದಿನ ಕೋಣೆಯಲ್ಲಿ ಹಾಸಿದೆವು. ಅದರ ಮೇಲೆ ಕಾಲಿಟ್ಟರೆ ತುಣುಕು, ಕೂತರೆ ತುಣುಕು, ಮಲಗಿದರೆ ಜಾಸ್ತಿ ತುಣುಕು. ವಾರದ ಮೇಲೆ "ಕೌದಿ" ಅನ್ನುವ ಮಾತು ಜೋಡಿಸಿದೆವು. ಆಮೇಲೆ ಬೆಲ್ ಸದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ "ಕೌದಿ" ಅಂದೆವು. ದಿನದಿಂದ ದಿನಕ್ಕೆ ಸದ್ದು ಏರಿಸಿದೆವು. ಮನೆಯ ಎಲ್ಲರೂ ಒಂದೇ ಮಾತು ಬಳಸಬೇಕು. ಒಬ್ಬರು "ಕೌದಿ", ಇನ್ನೊಬ್ಬರು "ಒಳಗ ನಡಿ" ಅಂದರೆ ನಾಯಿಗೆ ಗೊಂದಲ.

ತಟ್ಟೆ ಹತ್ತಿರ ಹೋದರೆ ಗುರ್ ಅನ್ನುವ ನಾಯಿಯಿಂದ ತಟ್ಟೆ ಕಸಿಯಬೇಡಿ, ಅದರೊಳಗೆ ಕೈ ಹಾಕಿ ಅಭ್ಯಾಸ ಮಾಡಿಸಲೂ ಹೋಗಬೇಡಿ. ಒಂಟಿಯಾಗಿ ತಿನ್ನಲು ಬಿಡಿ. ದೂರದಿಂದ ಹಾದು ಹೋಗುವಾಗ ರೊಟ್ಟಿಗಿಂತ ರುಚಿಯಾದ ತುಣುಕು ಎಸೆದು ಮುಂದೆ ನಡೆಯಿರಿ. ಬಾಯಲ್ಲಿರುವ ವಸ್ತು ಬೇಕಾದರೆ ಅದಕ್ಕಿಂತ ಒಳ್ಳೆಯದನ್ನು ಕೊಟ್ಟು ಬದಲಿಸಿಕೊಳ್ಳಿ.

ಬೇಸಿಗೆ ಮತ್ತು ಜಾತ್ರೆ

ನಮ್ಮ ಬೇಸಿಗೆ 42, 43 ಡಿಗ್ರಿ ದಾಟುತ್ತದೆ. ನಮಗೇ ಸಿಡುಕು ಬರುತ್ತದೆ, ಕೂದಲಿನ ಕೋಟು ಹಾಕಿಕೊಂಡ ಪ್ರಾಣಿಗೆ ಬರುವುದಿಲ್ಲವೇ? ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಯ ಸಮಯವೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಾಗುತ್ತದೆ. ನಾಯಿಯ ಪಾಠವೂ ಸೂರ್ಯ ಏರುವ ಮುಂಚೆ ಮುಗಿಯಲಿ. ಫರಸಿ ಮೇಲೆ, ಡಾಂಬರಿನ ಮೇಲೆ ಅಂಗೈ ಹಿಂಭಾಗ ಏಳು ಎಣಿಸುವವರೆಗೆ ಇಡಲಾಗದಿದ್ದರೆ ನಾಯಿಯ ಪಾದವನ್ನೂ ಇಡಿಸಬೇಡಿ.

ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸು, ದೀಪಾವಳಿ, ಹೊಸ ವರ್ಷದ ರಾತ್ರಿಗಳು ಮೊದಲೇ ಗೊತ್ತಿರುತ್ತವೆ. ಅಂದು ಒಳಕೋಣೆ, ಮುಚ್ಚಿದ ಕಿಟಕಿ, ಫ್ಯಾನಿನ ಸದ್ದು, ಕಡಿಯಲು ಏನಾದರೂ. ನೆಂಟರಿಗೆ ತೋರಿಸಲು ಹೊರಗೆ ತರಬೇಡಿ.

ಕಚ್ಚಿಬಿಟ್ಟರೆ

ನಾಯಿಯನ್ನು ಕೋಣೆಗೆ ಹಾಕಿ, ಮನುಷ್ಯರನ್ನು ನೋಡಿ. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಪೂರ್ತಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು. ಖಾರದ ಪುಡಿ, ಸುಣ್ಣ, ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆ 0, 3, 7, 28ನೇ ದಿನ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ತಡೆಯುವ ಸಿದ್ಧ ಪ್ರತಿಕಾಯಗಳ ಸೂಜಿ) ಕೂಡ ಬೇಕಾಗುತ್ತದೆ, ಕೇಳಿ. ಕಚ್ಚಿದ ನಾಯಿಯನ್ನು 10 ದಿನ ಗಮನಿಸಬೇಕು ನಿಜ. ಆದರೆ "10 ದಿನ ನೋಡೋಣ, ಆಮೇಲೆ ಸೂಜಿ" ಅನ್ನುವುದು ತಪ್ಪು, ಲಸಿಕೆ ಮೊದಲೇ ಶುರುವಾಗಬೇಕು. ರೇಬೀಸ್ ಲಕ್ಷಣ ಬಂದ ಮೇಲೆ ಉಳಿಸಲು ಔಷಧ ಇಲ್ಲ. ನಿಮ್ಮ ನಾಯಿಗೆ ವರ್ಷ ವರ್ಷ ಲಸಿಕೆ ಹಾಕಿಸಿದ ಕಾರ್ಡ್ ಆ ದಿನ ಕೈಯಲ್ಲಿರಲಿ.

ಖರ್ಚು ನೀವೇ ಕೊಡಿ, ತಕರಾರು ಮಾಡಬೇಡಿ. ಪ್ರಾಣಿಯನ್ನು ಬೇಜವಾಬ್ದಾರಿಯಿಂದ ಇಟ್ಟುಕೊಂಡು ಬೇರೆಯವರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, 5000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಎಷ್ಟು ಸರಿಹೋಗುತ್ತದೆ?

ಮರಿ ತರುವವರಿಗೆ ಮೊದಲು ಒಂದು ಮಾತು. ಎಂಟು ವಾರ ತುಂಬುವವರೆಗೆ ತಾಯಿಯ ಹತ್ತಿರವೇ ಬಿಡಿ. ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುವಾಗ. ಮೂರರಿಂದ ಹದಿನಾಲ್ಕು ವಾರದ ಒಳಗೆ ಬಗೆಬಗೆಯ ಜನರನ್ನು, ಸದ್ದನ್ನು, ವಾಹನವನ್ನು ಹೆದರಿಕೆ ಇಲ್ಲದೆ ನೋಡಿದ ನಾಯಿಗೆ ಮುಂದೆ ಅವು ಹೊಸದಲ್ಲ. ಮೋತಿಗೆ ಎರಡೂ ಸಿಗಲಿಲ್ಲ, ಅದು ನಮ್ಮದೇ ತಪ್ಪು.

ಅವನಿಗೀಗ ಆರು ವರ್ಷ. ಬೆಲ್ ಆದರೆ ಕೌದಿಗೆ ಹೋಗುತ್ತಾನೆ. ಹೆಗಲ ಮೇಲೆ ಚೀಲ ಹೊತ್ತವರು 15 ಅಡಿಯಲ್ಲಿ ಹಾದು ಹೋದರೆ ನನ್ನ ಮುಖ ನೋಡುತ್ತಾನೆ. 10 ಅಡಿಗೆ ಬಂದರೆ ಇನ್ನೂ ಮೈ ಬಿಗಿಯುತ್ತದೆ. ಅದಕ್ಕಿಂತ ಹತ್ತಿರ ಒಯ್ಯುವ ಆಸೆ ನಾನು ಬಿಟ್ಟಿದ್ದೇನೆ. ಸಿಲಿಂಡರ್ ಬರುವ ದಿನ ಅವನು ಹಿಂದಿನ ಕೋಣೆಯಲ್ಲಿ, ಕುಕ್ಕೆ ಇಲ್ಲದೆ, ಕಡಿಯಲು ಒಂದು ಎಮ್ಮೆಕೊಂಬಿನ ತುಂಡು ಹಿಡಿದು ಮಲಗಿರುತ್ತಾನೆ. ಕೋಣೆಯ ಬಾಗಿಲಿಗೆ ಚಿಲಕ, ಹಿತ್ತಲ ಗೇಟಿಗೆ ಬೀಗ. ಬೀಗ ಹಾಕಿದೆಯೇ ಅಂತ ಪ್ರತಿ ಸಲ ನಾನೇ ಹೋಗಿ ಕೈಯಿಂದ ಎಳೆದು ನೋಡುತ್ತೇನೆ, ಆಮೇಲೆ ಮುಂದಿನ ಗೇಟು ತೆಗೆಯುತ್ತೇನೆ.